ಬೆಟ್ಟದ ಎತ್ತರ, ಮೇಪಲ್ ರಸ, ಸಿರಪ್ಪಿನ ಹದ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ಕೆನಡಾದ ಕ್ವಿಬೆಕ್: ಇಲ್ಲೆಲ್ಲ ಹಿತ್ತಲಲ್ಲಿ ಮೇಪಲ್ ಮರ ಇರುವ ಕನ್ನಡದ ಮನೆಗಳಿಗಾಗಿ ಬರೆದ ಪುಟ ಇದು. ಮಾರ್ಚ್ ಬಂತೆಂದರೆ ಬಕೆಟ್ ತೂಗುಹಾಕಿ, ಮರದ ರಸ ಹಿಡಿದು, ಅದನ್ನು ಕಾಯಿಸಿ ಸಿರಪ್ ಎಂಬ ಸಿಹಿ ಪಾಕ ಮಾಡಲು ಕೂರುವವರು ಕೇಳುವ ಪ್ರಶ್ನೆಗಳಲ್ಲಿ ಬಹುಪಾಲು ಕೊನೆಗೆ ಎರಡು ಮಾತಿಗೆ ಬಂದು ನಿಲ್ಲುತ್ತವೆ. ನಿಮ್ಮ ಮರ ಎಷ್ಟು ಎತ್ತರದಲ್ಲಿದೆ? ನಿಮ್ಮ ಒಲೆ ಎಷ್ಟು ಎತ್ತರದಲ್ಲಿದೆ? ಊರಿನಲ್ಲಿ ಕೂತು ಕುತೂಹಲಕ್ಕೆ ಓದುವವರಿಗಾಗಿಯೂ ಒಂದೆರಡು ಪ್ರಶ್ನೆ ಸೇರಿಸಿದ್ದೇನೆ.

ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದಕ್ಕೂ ಸಿರಪ್ಪಿಗೂ ಏನು ಸಂಬಂಧ?

ಎತ್ತರ ತಾನಾಗಿ ಏನೂ ಮಾಡುವುದಿಲ್ಲ, ಬೇರೆ ಸಂಗತಿಗಳ ಮೂಲಕ ಮಾಡುತ್ತದೆ. ಮೇಲೆ ಹೋದಂತೆ ಚಳಿ ಹೆಚ್ಚುತ್ತದೆ, ಹಾಗಾಗಿ ರಸ ಇಳಿಯುವ ದಿನಗಳು ಬದಲಾಗುತ್ತವೆ. ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹಾಗಾಗಿ ಕುದಿಯುವ ಬಿಂದು ಇಳಿಯುತ್ತದೆ. ಇಳಿಜಾರು ಸಿಗುತ್ತದೆ, ರಸ ತಾನಾಗಿ ಹರಿದು ಬರುತ್ತದೆ. ಮಣ್ಣು ತೆಳುವಾಗುತ್ತದೆ, ಮರ ಸೊರಗಬಹುದು. ಈ ನಾಲ್ಕನ್ನೂ ಬೇರೆ ಬೇರೆಯಾಗಿ ನೋಡದೆ "ಎತ್ತರ ಒಳ್ಳೆಯದೋ ಕೆಟ್ಟದ್ದೋ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಕ್ಷೆಯಲ್ಲಿ ಕಾಣುವ ಸಂಖ್ಯೆಗಿಂತ ಆ ಸಂಖ್ಯೆ ನಿಮ್ಮ ಜಾಗದಲ್ಲಿ ಏನು ಮಾಡುತ್ತಿದೆ ಎಂಬುದೇ ಮುಖ್ಯ.

ಮೊದಲಿಗೆ, ರಸ ಇಳಿಯುವುದೇ ಹೇಗೆ?

ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ. ಈ ಏರಿಳಿತವೇ ಎಲ್ಲಕ್ಕೂ ಮೂಲ. ಮೇಪಲ್ ಮರದ ಕಾಂಡದೊಳಗಿನ ನಾರುಕೋಶಗಳಲ್ಲಿ ನೀರಿಗಿಂತ ಹೆಚ್ಚಾಗಿ ಗಾಳಿ ಇರುತ್ತದೆ. ರಾತ್ರಿ ಮರ ಹೆಪ್ಪುಗಟ್ಟುವಾಗ ನೀರು ಆ ಕೋಶಗಳ ಕಡೆ ಸೆಳೆಯಲ್ಪಟ್ಟು ಅಲ್ಲಿ ಮಂಜುಗಡ್ಡೆಯಾಗುತ್ತದೆ, ಒಳಗಿನ ಗಾಳಿ ಒತ್ತಿಹೋಗುತ್ತದೆ. ಆ ಸೆಳೆತಕ್ಕೆ ಬೇರು ಮಣ್ಣಿನಿಂದ ಹೊಸ ನೀರನ್ನು ಎಳೆದುಕೊಳ್ಳುತ್ತದೆ. ಬೆಳಗ್ಗೆ ಮಂಜು ಕರಗಿದಾಗ ಒತ್ತಿಕೊಂಡಿದ್ದ ಗಾಳಿ ಹಿಗ್ಗಿ ರಸವನ್ನು ಹೊರಕ್ಕೆ ತಳ್ಳುತ್ತದೆ. ಕಾಂಡದಲ್ಲಿ ಸುಮಾರು ಎಂಟು ಮಿಲಿಮೀಟರ್ ಅಗಲದ ತೂತು ಕೊರೆದು ಸ್ಪೌಟ್, ಅಂದರೆ ರಸ ಹರಿಯುವ ಸಣ್ಣ ಕೊಳವೆ, ಹೊಡೆದಿದ್ದರೆ ಅದು ಹನಿಹನಿಯಾಗಿ ಬಕೆಟ್ಟಿಗೆ ಬೀಳುತ್ತದೆ.

ಒಂದೇ ಸಮನೆ ಚಳಿ ಇದ್ದರೂ ರಸವಿಲ್ಲ, ಒಂದೇ ಸಮನೆ ಬೆಚ್ಚಗಿದ್ದರೂ ರಸವಿಲ್ಲ. ಹಾಗಾಗಿ ಎತ್ತರದ ಲೆಕ್ಕ ಮಾಡುವಾಗ "ಅಲ್ಲಿ ಎಷ್ಟು ಚಳಿ" ಎಂದು ಕೇಳಬೇಡಿ. "ಅಲ್ಲಿ ಎಷ್ಟು ದಿನ ಸೊನ್ನೆಯನ್ನು ದಾಟಿ ಹೋಗಿ ಬರುತ್ತದೆ" ಎಂದು ಕೇಳಿ.

ಬೆಟ್ಟದ ಮೇಲಿನ ಮರಗಳಲ್ಲಿ ಸೀಸನ್ ತಡವಾಗಿ ಶುರುವಾಗುತ್ತದೆಯೇ?

ಸಾಮಾನ್ಯವಾಗಿ ಹೌದು. ಪ್ರತಿ ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅಂದರೆ ನಿಮಗಿಂತ 300 ಮೀಟರ್ ಮೇಲಿರುವವರ ಮರ ಸುಮಾರು ಎರಡು ಡಿಗ್ರಿ ಹೆಚ್ಚು ತಂಪಿನಲ್ಲಿ ನಿಂತಿರುತ್ತದೆ. ಕೆಳಗೆ ಮೂರು ಡಿಗ್ರಿ ಇದ್ದು ರಸ ನಿಧಾನವಾಗಿ ಹನಿಯುತ್ತಿದ್ದರೆ ಮೇಲೆ ಕಾಂಡ ಇನ್ನೂ ಗಟ್ಟಿಯಾಗಿಯೇ ಇರಬಹುದು.

ಇದಕ್ಕೊಂದು ಹಳೆಯ ಅಂದಾಜು ಇದೆ. ಅಮೆರಿಕದ ಕೃಷಿ ಇಲಾಖೆಯ ಕೀಟತಜ್ಞ ಆಂಡ್ರ್ಯೂ ಡೆಲ್ಮಾರ್ ಹಾಪ್ಕಿನ್ಸ್ 1918ರಲ್ಲಿ ಹೇಳಿದ್ದು: ವಸಂತದ ಆಗಮನ ಪ್ರತಿ 400 ಅಡಿ ಎತ್ತರಕ್ಕೆ ನಾಲ್ಕು ದಿನ ತಡವಾಗುತ್ತದೆ, ಉತ್ತರಕ್ಕೆ ಒಂದು ಅಕ್ಷಾಂಶ ಹೋದರೂ ನಾಲ್ಕು ದಿನ ತಡವಾಗುತ್ತದೆ. ಅವರು ನೋಡಿದ್ದು ಗಿಡ ಚಿಗುರುವುದು, ಹೂ ಬಿಡುವುದು, ಕೀಟ ಹೊರಬರುವುದನ್ನು. ರಸಕ್ಕೆ ಅದನ್ನು ಹಾಗೇ ಅಂಟಿಸುವಂತಿಲ್ಲ. ಆದರೂ 300 ಮೀಟರಿಗೆ ಹತ್ತು ದಿನ ಎಂಬ ಅಂದಾಜನ್ನು ತಲೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ವರ್ಮಾಂಟಿನಲ್ಲಿ ಹಿಂದೆ ಟೌನ್ ಮೀಟಿಂಗ್ ದಿನಕ್ಕೆ, ಅಂದರೆ ಮಾರ್ಚಿನ ಮೊದಲ ಮಂಗಳವಾರಕ್ಕೆ, ಮರ ಕೊರೆಯುವ ವಾಡಿಕೆ ಇತ್ತು. ಈಗ ಸಾವಿರಾರು ಮರಗಳಿಗೆ ಟ್ಯೂಬ್ ಹಾಕಿರುವ ದೊಡ್ಡ ತೋಟಗಳವರು ಜನವರಿಯಲ್ಲೇ ಕೆಲಸ ಶುರು ಮಾಡುತ್ತಾರೆ. ಹಿತ್ತಲಲ್ಲಿ ಬಕೆಟ್ ಹಾಕುವವರು ಮಾತ್ರ ಪಂಚಾಂಗ ನೋಡುವುದಕ್ಕಿಂತ ತಮ್ಮ ಬೆಟ್ಟದ ಹವಾಮಾನ ನೋಡುವುದು ಒಳ್ಳೆಯದು. ಬೇಗ ಕೊರೆದರೆ ತೂತು ಒಣಗುತ್ತದೆ. ಸೂಕ್ಷ್ಮಜೀವಿಗಳು ಸೇರಿಕೊಂಡು ಕೆಲವು ವಾರಗಳಲ್ಲಿ ರಸದ ದಾರಿ ಮುಚ್ಚುತ್ತದೆ.

ನಾವು ಕಣಿವೆಯ ತಳದಲ್ಲಿದ್ದೇವೆ. ನಮಗಿಂತ ಮೇಲಿರುವ ನೆರೆಯವರಿಗೆ ನಮಗಿಂತ ಮೊದಲೇ ರಸ ಬಂತು. ಹೇಗೆ ಸಾಧ್ಯ?

ಇದು ಬಹಳ ಒಳ್ಳೆಯ ಪ್ರಶ್ನೆ. "ಮೇಲೆ ಹೋದಂತೆ ಚಳಿ" ಎಂಬ ನಿಯಮ ಮುರಿದುಬೀಳುವುದು ಇಲ್ಲಿಯೇ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು ಭಾರವಾಗಿ ಇಳಿಜಾರಿನಲ್ಲಿ ಜಾರುತ್ತಾ ಬಂದು ಕಣಿವೆಯ ತಳದಲ್ಲಿ ತುಂಬಿಕೊಳ್ಳುತ್ತದೆ. ಅಂಥ ಬೆಳಗಿನಲ್ಲಿ ಕಣಿವೆಯ ತಳಕ್ಕಿಂತ ಬೆಟ್ಟದ ನಡುಭಾಗವೇ ಬೆಚ್ಚಗಿರುತ್ತದೆ. ನೆರೆಯವರ ಮರ ಹತ್ತು ಗಂಟೆಗೇ ಕರಗಿ ಹನಿಯತೊಡಗಿದರೆ ನಿಮ್ಮದು ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ.

ಆದರೆ ಏಪ್ರಿಲಿನಲ್ಲಿ ಇದೇ ನಿಮಗೆ ವರವಾಗುತ್ತದೆ. ಬೆಚ್ಚನೆಯ ದಿನಗಳು ಶುರುವಾದಾಗ ನಡುಬೆಟ್ಟದಲ್ಲಿ ರಾತ್ರಿ ಸೊನ್ನೆಗೆ ಇಳಿಯದೆ ರಸ ನಿಂತುಬಿಡುತ್ತದೆ. ಕಣಿವೆಯ ತಳದಲ್ಲಿ ಇನ್ನೂ ಹೆಪ್ಪುಗಟ್ಟುವ ರಾತ್ರಿಗಳು ಸಿಗುತ್ತಿರುತ್ತವೆ.

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೂ ದೊಡ್ಡ ಸಂಗತಿ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಮಾರ್ಚಿನ ಬಿಸಿಲು ನೇರವಾಗಿ ಬೀಳುತ್ತದೆ, ಅಲ್ಲಿ ಸೀಸನ್ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಉತ್ತರದ ಇಳಿಜಾರಿನಲ್ಲಿ ಹಿಮ ತಡವಾಗಿ ಕರಗುತ್ತದೆ, ಮೊಗ್ಗು ತಡವಾಗಿ ಬಿರಿಯುತ್ತದೆ, ಕೊನೆಯ ಒಳ್ಳೆಯ ರಸ ಅಲ್ಲೇ ಸಿಗುತ್ತದೆ. ಒಂದೇ ಎತ್ತರದಲ್ಲಿರುವ ಎರಡು ಇಳಿಜಾರುಗಳ ನಡುವೆ ಕಾಣುವ ಅಂತರ, ಎಷ್ಟೋ ಸಲ ನೂರಾರು ಅಡಿ ಏರಿದರೆ ಕಾಣುವ ಅಂತರಕ್ಕಿಂತ ಹೆಚ್ಚು.

ಎಷ್ಟು ಎತ್ತರದವರೆಗೆ ಸಕ್ಕರೆ ಮೇಪಲ್ ಬೆಳೆಯುತ್ತದೆ?

ನ್ಯೂ ಇಂಗ್ಲೆಂಡಿನ (ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳ) ಉತ್ತರದಲ್ಲೂ ನ್ಯೂಯಾರ್ಕಿನಲ್ಲೂ ಸುಮಾರು 760 ಮೀಟರ್, ಅಂದರೆ 2,500 ಅಡಿಯವರೆಗೆ. ಅದರ ಮೇಲೆ ಸ್ಪ್ರೂಸ್, ಫರ್ ಎಂಬ ಸೂಜಿ ಎಲೆಯ ಮರಗಳ ಕಾಡು. ವರ್ಮಾಂಟಿನ ಅತಿ ಎತ್ತರದ ಮೌಂಟ್ ಮ್ಯಾನ್ಸ್‌ಫೀಲ್ಡ್ 1,339 ಮೀಟರ್ ಇದ್ದರೂ ಸಿರಪ್ಪಿನ ಕೆಲಸವೆಲ್ಲ ಅದರ ಕೆಳಗಿನ ತಪ್ಪಲಿನಲ್ಲೇ ನಡೆಯುವುದು. ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರ 1946ರಲ್ಲಿ ಶುರುವಾದದ್ದು ಇದೇ ಬೆಟ್ಟದ ಪಶ್ಚಿಮ ಮಗ್ಗುಲಿನ ಅಂಡರ್‌ಹಿಲ್‌ನಲ್ಲಿ. ದಕ್ಷಿಣದ ಅಪಲೇಶಿಯನ್ ಬೆಟ್ಟಗಳಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ಇದೇ ಮರ 900 ಮೀಟರಿನಿಂದ 1,600 ಮೀಟರ್ ದಾಟಿಯೂ ಬೆಳೆಯುತ್ತದೆ.

ಹಾಗಾದರೆ ದಕ್ಷಿಣದ ರಾಜ್ಯಗಳಲ್ಲೂ ಸಿರಪ್ ಮಾಡುತ್ತಾರೆಯೇ?

ಮಾಡುತ್ತಾರೆ, ಎತ್ತರದ ಕೃಪೆಯಿಂದ. ವರ್ಜೀನಿಯಾದ ಹೈಲ್ಯಾಂಡ್ ಕೌಂಟಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಮುಖ್ಯ ಊರು ಮಾಂಟೆರೆ ಸುಮಾರು 880 ಮೀಟರ್ ಎತ್ತರದಲ್ಲಿದೆ. 1958ರಿಂದ ಅಲ್ಲಿ ಮಾರ್ಚ್ ತಿಂಗಳಲ್ಲಿ ಮೇಪಲ್ ಹಬ್ಬ ನಡೆಯುತ್ತಾ ಬಂದಿದೆ. ವೆಸ್ಟ್ ವರ್ಜೀನಿಯಾದ ಪಿಕೆನ್ಸ್ ಎಂಬ ಪುಟ್ಟ ಊರಿನಲ್ಲೂ ಇಂಥದೇ ಹಬ್ಬ ಇದೆ.

ಹಾಪ್ಕಿನ್ಸರ ಅಂದಾಜನ್ನು ಇಲ್ಲಿ ಹಚ್ಚಿ ನೋಡಿ. ಮಾಂಟೆರೆ ವರ್ಮಾಂಟಿನ ಬರ್ಲಿಂಗ್ಟನ್‌ಗಿಂತ ಸುಮಾರು ಆರು ಅಕ್ಷಾಂಶ ದಕ್ಷಿಣಕ್ಕಿದೆ. ಆರು ಅಕ್ಷಾಂಶಕ್ಕೆ 2,400 ಅಡಿ, ಅಂದರೆ 730 ಮೀಟರ್ ಎತ್ತರ ಸರಿತೂಗಬೇಕು. ಬರ್ಲಿಂಗ್ಟನ್ ಚಾಂಪ್ಲೇನ್ ಸರೋವರದ ದಡದಲ್ಲಿ, ಸಮುದ್ರಮಟ್ಟದಿಂದ ನೂರು ಮೀಟರಿನೊಳಗೇ ಇದೆ. ಕೂಡಿಸಿದರೆ ಮಾಂಟೆರೆಯ ಹತ್ತಿರಕ್ಕೇ ಬಂದು ನಿಲ್ಲುತ್ತೇವೆ. ನೂರು ವರ್ಷ ಹಳೆಯ ಒಂದು ಅಂದಾಜು ಇಷ್ಟು ಚೆನ್ನಾಗಿ ಹೊಂದುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಆದರೆ ದಕ್ಷಿಣದಲ್ಲಿ ಸೀಸನ್ ಜನವರಿಯ ಕೊನೆಗೇ ಶುರುವಾಗಬಹುದು. ನಡುವೆ ಬರುವ ಬೆಚ್ಚನೆಯ ದಿನಗಳು ಅದನ್ನು ತುಂಡು ತುಂಡು ಮಾಡುತ್ತವೆ.

ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ ಇದೆಯಲ್ಲ, ಅಲ್ಲಿ ಮೇಪಲ್ ಬೆಳೆಸಿ ರಸ ಇಳಿಸಬಹುದೇ?

ಆಗುವುದಿಲ್ಲ. ಮುಳ್ಳಯ್ಯನಗಿರಿ ಇರುವುದು ಹದಿಮೂರನೆಯ ಅಕ್ಷಾಂಶದಲ್ಲಿ. ಅಲ್ಲಿ ಚಳಿ ಇದೆ, ಗಾಳಿ ಇದೆ, ಮಂಜು ಇದೆ. ಆದರೆ ತಿಂಗಳುಗಟ್ಟಲೆ ಮರವನ್ನು ಮಲಗಿಸುವ ಚಳಿಗಾಲ ಇಲ್ಲ. ರಾತ್ರಿ ಕಾಂಡದ ಒಳಗಿನವರೆಗೆ ಹೆಪ್ಪುಗಟ್ಟಿ ಹಗಲು ಕರಗುವ ವಾರಗಳು ಇಲ್ಲ. ಎತ್ತರ ಅಕ್ಷಾಂಶದ ಕೊರತೆಯನ್ನು ಒಂದಿಷ್ಟು ತುಂಬಿಕೊಡಬಹುದು. ಇಷ್ಟೊಂದು ದೂರಕ್ಕೆ ಅದು ಸಾಲದು.

ಎತ್ತರದ ಮರಗಳ ರಸ ಹೆಚ್ಚು ಸಿಹಿ ಎನ್ನುತ್ತಾರೆ. ನಿಜವೇ?

ಎತ್ತರ ಹೆಚ್ಚಿದಂತೆ ಸಿಹಿ ಹೆಚ್ಚುತ್ತದೆ ಎಂಬ ನಿಯಮವಿಲ್ಲ. ಸಕ್ಕರೆ ಮೇಪಲ್ ರಸದಲ್ಲಿ ಸಾಮಾನ್ಯವಾಗಿ ಎರಡು ಶೇಕಡಾ ಸಕ್ಕರೆ ಇರುತ್ತದೆ. ಒಂದು ಲೀಟರ್ ಸಿರಪ್ಪಿಗೆ ನಲವತ್ತಕ್ಕೂ ಹೆಚ್ಚು ಲೀಟರ್ ರಸ ಬೇಕಾಗುವುದು ಅದಕ್ಕೇ. ಸಿಹಿಯನ್ನು ನಿರ್ಧರಿಸುವುದರಲ್ಲಿ ಮರದ ಕೊಂಬೆಗಳ ಹರವು, ಅದಕ್ಕೆ ಸಿಗುವ ಬಿಸಿಲು, ಅದರ ವಂಶಗುಣ, ಹಿಂದಿನ ಬೇಸಿಗೆ ಹೇಗಿತ್ತು ಎಂಬುದು ಮುಖ್ಯ. ರಸ್ತೆಯ ಪಕ್ಕದಲ್ಲಿ ಬಯಲಿಗೆ ಹರಡಿಕೊಂಡು ನಿಂತ ಮರ, ಬೆಟ್ಟದ ಮೇಲಿನ ದಟ್ಟ ಕಾಡಿನಲ್ಲಿ ಬಿಸಿಲಿಗೆ ಹೋರಾಡುವ ಮರಕ್ಕಿಂತ ಸಿಹಿ ಕೊಡುವುದು ಸಾಮಾನ್ಯ.

ಎತ್ತರದಿಂದ ಸಿಗುವ ಲಾಭ ಇನ್ನೊಂದಿದೆ. ತಂಪಿನಲ್ಲಿ ರಸ ಬೇಗ ಕೆಡುವುದಿಲ್ಲ. ಬೆಚ್ಚಗಾದಂತೆ ಸೂಕ್ಷ್ಮಜೀವಿಗಳು ರಸದಲ್ಲಿನ ಸುಕ್ರೋಸನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡುತ್ತವೆ. ಅದು ಕಾಯಿಸುವಾಗ ಬಣ್ಣ ಗಾಢವಾಗಲು ಕಾರಣ. ಹಾಗಾಗಿ ತಂಪಾದ ಜಾಗದಲ್ಲಿ ತಿಳಿ ಬಂಗಾರದ ಬಣ್ಣದ ಸಿರಪ್ ಹೆಚ್ಚು ದಿನ ಸಿಗಬಹುದು. ಗಾಢ ಸಿರಪ್ ಕೀಳು ಎಂದಲ್ಲ. ಅಡುಗೆಗೆ ನನಗೆ ಗಾಢವಾದದ್ದೇ ಇಷ್ಟ.

ಪುಸ್ತಕದಲ್ಲಿ 219 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದಾಗ ಒಲೆಯಿಂದ ಇಳಿಸಿ ಎಂದಿತ್ತು. ಹಾಗೇ ಮಾಡಿದೆವು. ಸಿರಪ್ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟಿಕೊಂಡಿದೆ. ಯಾಕೆ?

ನಿಮ್ಮ ಒಲೆ ಸಮುದ್ರಮಟ್ಟದಲ್ಲಿ ಇಲ್ಲದಿರುವುದರಿಂದ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಸಿರಪ್ ಹದಕ್ಕೆ ಬರುವುದು ನೀರು ಕುದಿಯುವ ಬಿಂದುವಿಗಿಂತ ಸುಮಾರು 4 ಡಿಗ್ರಿ ಸೆಲ್ಸಿಯಸ್, ಅಂದರೆ 7.1 ಡಿಗ್ರಿ ಫ್ಯಾರನ್‌ಹೀಟ್ ಮೇಲೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ, 212 ಫ್ಯಾರನ್‌ಹೀಟಿಗೆ ಕುದಿಯುತ್ತದೆ. ಆದ್ದರಿಂದ 104 ಅಥವಾ 219. ಪುಸ್ತಕದ ಸಂಖ್ಯೆ ಹುಟ್ಟಿದ್ದು ಹೀಗೆ. ಆದರೆ ಪ್ರತಿ 300 ಮೀಟರ್ ಏರಿದರೆ ನೀರು ಕುದಿಯುವ ಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 300 ಮೀಟರಿನಲ್ಲಿ ನೀರು 99ಕ್ಕೆ ಕುದಿದು ಸಿರಪ್ 103ಕ್ಕೆ ಹದವಾಗುತ್ತದೆ. 600 ಮೀಟರಿನಲ್ಲಿ ನೀರು 98ಕ್ಕೆ, ಸಿರಪ್ 102ಕ್ಕೆ. ಸುಮಾರು 1,200 ಮೀಟರಿನಲ್ಲಂತೂ ಸಿರಪ್ ಹದಕ್ಕೆ ಬರುವುದೇ 100 ಡಿಗ್ರಿಗೆ, ಸಮುದ್ರದಂಡೆಯಲ್ಲಿ ಬರೀ ನೀರು ಕುದಿಯುವ ಉಷ್ಣತೆಗೆ.

ಈಗ 600 ಮೀಟರ್ ಎತ್ತರದಲ್ಲಿ ಕೂತು 104 ಬರಲಿ ಎಂದು ಕಾದರೆ ನೀವು ನೀರಿನ ಕುದಿಬಿಂದುವಿಗಿಂತ ನಾಲ್ಕಲ್ಲ, ಆರು ಡಿಗ್ರಿ ಮೇಲೆ ಹೋಗಿರುತ್ತೀರಿ. ಆಗ ಸಕ್ಕರೆಯ ಪ್ರಮಾಣ 67 ಶೇಕಡಾ ಇರಬೇಕಾದದ್ದು 73ರ ಹತ್ತಿರ ಬಂದಿರುತ್ತದೆ. ಕೋಣೆಯ ಉಷ್ಣತೆಯಲ್ಲಿ ನೀರು ಹಿಡಿದಿಟ್ಟುಕೊಳ್ಳಬಲ್ಲ ಸುಕ್ರೋಸ್ ಸುಮಾರು 67 ಶೇಕಡಾ ಮಾತ್ರ. ಮಿಕ್ಕದ್ದು ತಳದಲ್ಲಿ ಹರಳುಗಟ್ಟುತ್ತದೆ. ಕಾಡಿನಿಂದ ಹೊತ್ತು ತಂದ ರಸದಲ್ಲಿ ಒಂದು ಪಾಲು ಸಿರಪ್ ವ್ಯರ್ಥವಾಗಿ ಆವಿಯಾದಂತೆಯೂ ಆಯಿತು.

ತಿರುಗುಮುರುಗಾದರೆ ಇನ್ನೂ ಕಷ್ಟ. ಬೆಟ್ಟದ ಮೇಲಿನ ಗೆಳೆಯರು "ನಮ್ಮಲ್ಲಿ 102ಕ್ಕೆ ಇಳಿಸುತ್ತೇವೆ" ಎಂದದ್ದನ್ನು ಕೇಳಿ ಬಾಸ್ಟನ್ನಿನ ಹತ್ತಿರ ಕಡಲಮಟ್ಟದಲ್ಲಿ ಇರುವವರು ಹಾಗೇ ಮಾಡಿದರೆ ಸಕ್ಕರೆ 50 ಶೇಕಡಾ ಆಸುಪಾಸಿನಲ್ಲೇ ಉಳಿಯುತ್ತದೆ. ಅಂಥ ತೆಳು ಸಿರಪ್ ಹುಳಿ ಬರುತ್ತದೆ, ಬೂಸ್ಟು ಹಿಡಿಯುತ್ತದೆ. ಅಮೆರಿಕದ ನಿಯಮದ ಪ್ರಕಾರ ಸಿರಪ್ ಕನಿಷ್ಠ 66 ಬ್ರಿಕ್ಸ್ (ಸಕ್ಕರೆಯ ಶೇಕಡಾ ಪ್ರಮಾಣದ ಅಳತೆ) ಇರಬೇಕು. ವರ್ಮಾಂಟ್ ಇನ್ನೂ ಕಟ್ಟುನಿಟ್ಟು, ಅಲ್ಲಿ 66.9.

ಹರಳುಗಟ್ಟಿದ ಬಾಟಲಿಯನ್ನು ಎಸೆಯಬೇಡಿ. ಸ್ವಲ್ಪ ಬಿಸಿನೀರು ಸೇರಿಸಿ ಕಾಯಿಸಿ, ಸರಿಯಾದ ಹದಕ್ಕೆ ತಂದು ಮತ್ತೆ ತುಂಬಿಸಿ.

ನಮ್ಮ ಊರಿನ ಎತ್ತರ ಗೊತ್ತಿದ್ದರೆ ಲೆಕ್ಕ ಹಾಕಿಕೊಂಡರೆ ಸಾಕಲ್ಲವೇ?

ಸಾಲದು. ಲೆಕ್ಕಕ್ಕಿಂತ ನೀರು ಕುದಿಸಿ ನೋಡುವುದೇ ಮೇಲು. ಸಿರಪ್ ಇಳಿಸುವ ದಿನ, ಸಿರಪ್ ಇಳಿಸುವ ಥರ್ಮಾಮೀಟರಿನಿಂದಲೇ, ಪಕ್ಕದಲ್ಲಿ ಒಂದು ಪಾತ್ರೆ ನೀರನ್ನು ಕೊತಕೊತ ಕುದಿಸಿ ಅಳೆಯಿರಿ. ಬಂದ ಸಂಖ್ಯೆಗೆ ನಾಲ್ಕು ಕೂಡಿಸಿ.

ಇದರಲ್ಲಿ ಮೂರು ತೊಂದರೆಗಳು ಒಟ್ಟಿಗೇ ಬಗೆಹರಿಯುತ್ತವೆ. ಎತ್ತರದ ಲೆಕ್ಕ ಅದರಲ್ಲೇ ಬಂತು. ಥರ್ಮಾಮೀಟರ್ ಒಂದು ಡಿಗ್ರಿ ತಪ್ಪು ತೋರಿಸುತ್ತಿದ್ದರೆ ಆ ತಪ್ಪೂ ಕಳೆಯಿತು. ಮೂರನೆಯದು ಹವೆ. ಮಾರ್ಚಿನಲ್ಲಿ ಈ ಕಡೆ ಬಿರುಗಾಳಿ ಬಂದು ಹೋಗುವಾಗ ಗಾಳಿಯ ಒತ್ತಡ 30ರಿಂದ 40 ಹೆಕ್ಟೊಪ್ಯಾಸ್ಕಲ್ ಏರಿಳಿಯುವುದುಂಟು. ಅಷ್ಟಕ್ಕೇ ಕುದಿಬಿಂದು ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಆಚೀಚೆ ಆಗುತ್ತದೆ. ಅಂದರೆ ನೀವು ಕೂತಲ್ಲಿಂದ ಕದಲದಿದ್ದರೂ ನಿಮ್ಮ ಒಲೆ 300 ಮೀಟರ್ ಮೇಲೆ ಹೋಗಿ ಬಂದ ಹಾಗೆ. ದಿನಕ್ಕೊಮ್ಮೆ ನೀರು ಕುದಿಸಿ ನೋಡಿ, ಹವೆ ಬದಲಾಗುವ ಸೂಚನೆ ಕಂಡರೆ ಇನ್ನೊಮ್ಮೆ ನೋಡಿ.

ಫೋನಿನ ಹವಾಮಾನ ಆ್ಯಪ್‌ನಲ್ಲಿ ಒತ್ತಡ ಕಾಣುತ್ತದೆ. ಅದರಿಂದ ಕುದಿಬಿಂದು ಲೆಕ್ಕ ಹಾಕಿದರೆ?

ಎಚ್ಚರ. ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲು ಹವಾಮಾನದವರಿಗೆ ಅದು ಬೇಕು. 600 ಮೀಟರ್ ಎತ್ತರದ ಊರಿನಲ್ಲಿ ಆ್ಯಪ್ 1013 ಎನ್ನುವಾಗ ನಿಮ್ಮ ಒಲೆಯ ಸುತ್ತ ನಿಜವಾಗಿ ಇರುವುದು 943ರ ಆಸುಪಾಸು. ಆ್ಯಪ್ ನಂಬಿದರೆ ಎತ್ತರವೇ ಇಲ್ಲದಂತೆ ಲೆಕ್ಕ ಬರುತ್ತದೆ. ಕೆಲವು ಫೋನುಗಳ ಒಳಗೇ ಇರುವ ಬ್ಯಾರೊಮೀಟರ್ ಸೆನ್ಸರ್ ನಿಜವಾದ ಒತ್ತಡ ಹೇಳುತ್ತದೆ, ಅದನ್ನು ಬಳಸಬಹುದು. ನಾನಂತೂ ನೀರಿನ ಪಾತ್ರೆಯನ್ನೇ ನಂಬುತ್ತೇನೆ.

ಹೈಡ್ರೊಮೀಟರ್ ಬಳಸಿದರೆ ಎತ್ತರದ ಚಿಂತೆ ಇಲ್ಲವಲ್ಲ?

ಬಹುಮಟ್ಟಿಗೆ ಇಲ್ಲ. ಹೈಡ್ರೊಮೀಟರ್ ಅಳೆಯುವುದು ಸಾಂದ್ರತೆಯನ್ನು, ಅದಕ್ಕೆ ಗಾಳಿಯ ಒತ್ತಡದ ಹಂಗಿಲ್ಲ. ಮಾರಾಟಕ್ಕೆ ಸಿರಪ್ ಮಾಡುವವರು ಕೊನೆಯ ಮಾತಾಗಿ ನಂಬುವುದು ಅದನ್ನೇ.

ಆದರೆ ಒಂದು ಸೂಕ್ಷ್ಮ ಇದೆ. ಮೇಪಲ್ ಹೈಡ್ರೊಮೀಟರಿನಲ್ಲಿ ಬಿಸಿ ಸಿರಪ್ಪಿಗೆ ಒಂದು ಗೆರೆ, ತಣ್ಣನೆಯದಕ್ಕೆ ಇನ್ನೊಂದು ಗೆರೆ ಇರುತ್ತದೆ. ಬಿಸಿ ಗೆರೆ ಹಾಕಿರುವುದು 211 ಡಿಗ್ರಿ ಫ್ಯಾರನ್‌ಹೀಟಿಗೆ. ಕಡಲಮಟ್ಟದಲ್ಲಿ 219ರ ಸಿರಪ್ ಕಪ್ಪಿಗೆ ಸುರಿದು ಅಳೆಯುವ ಹೊತ್ತಿಗೆ ಅಷ್ಟಕ್ಕೆ ಇಳಿದಿರುತ್ತದೆ. ಎತ್ತರದಲ್ಲಿ ಸಿರಪ್ಪೇ ಕಡಿಮೆ ಉಷ್ಣತೆಯಲ್ಲಿ ಇಳಿಯುವುದರಿಂದ ಕಪ್ಪಿನಲ್ಲಿ ಇನ್ನೂ ತಂಪಾಗಿರುತ್ತದೆ. ತಂಪಾದ ಸಿರಪ್ ದಪ್ಪ, ಹೈಡ್ರೊಮೀಟರ್ ಮೇಲಕ್ಕೆ ತೇಲುತ್ತದೆ, ಹದ ಬಂತೆಂದು ನೀವು ಬೇಗ ಇಳಿಸಿಬಿಡುತ್ತೀರಿ. ಕಪ್ಪಿನ ಉಷ್ಣತೆಯನ್ನೂ ಅಳೆದು ಪಟ್ಟಿಯಲ್ಲಿ ಸರಿಪಡಿಸಿಕೊಳ್ಳಿ.

ಯಾವ ಉಪಕರಣವೂ ಇಲ್ಲದೆ ಹದ ನೋಡಲು ಬರುವುದಿಲ್ಲವೇ?

ಬರುತ್ತದೆ, ಅದಕ್ಕೆ ಎತ್ತರದ ಲೆಕ್ಕವೂ ಬೇಡ. ಅಗಲವಾದ ಸೌಟಿನಲ್ಲಿ ಸಿರಪ್ ಎತ್ತಿ ಅಂಚಿನಿಂದ ಬೀಳಲು ಬಿಡಿ. ಹನಿಹನಿಯಾಗಿ ಬಿದ್ದರೆ ಇನ್ನೂ ಕಾಯಬೇಕು. ಹನಿಗಳು ಕೂಡಿಕೊಂಡು ತೆಳುವಾದ ಪರದೆಯಂತೆ ಜೋತು ಬಿದ್ದರೆ ಹದ ಹತ್ತಿರ ಬಂತು. ಮಲೆನಾಡಿನ ಆಲೆಮನೆಯಲ್ಲಿ ಜೋನಿಬೆಲ್ಲದ ಹದವನ್ನು ಹುಟ್ಟು ಎತ್ತಿ ನೋಡಿಯೇ ಹೇಳುವವರಿಗೆ ಇದು ಅರ್ಧ ದಿನದಲ್ಲಿ ಕೈಹಿಡಿಯುತ್ತದೆ. ಉಳಿದವರಿಗೆ ಅಭ್ಯಾಸ ಬೇಕು. ಬಾಟಲಿಗಟ್ಟಲೆ ಕೂಡಿಡುವವರು ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ. ಸೌದೆ ಉಳಿಯುತ್ತದೆಯೇ?

ಇಲ್ಲ. ಸೌದೆ ಖರ್ಚಾಗುವುದು ಕುದಿಬಿಂದು ಮುಟ್ಟಿಸಲು ಅಲ್ಲ, ನೀರನ್ನು ಆವಿ ಮಾಡಲು. ಒಂದು ಕಿಲೋ ನೀರು 100 ಡಿಗ್ರಿಯಲ್ಲಿ ಆವಿಯಾಗಲು ಸುಮಾರು 2,257 ಕಿಲೋಜೂಲ್ ಬೇಕು, 95 ಡಿಗ್ರಿಯಲ್ಲಿ ಅದಕ್ಕಿಂತ ಚೂರು ಹೆಚ್ಚೇ ಬೇಕು. ಕುದಿ ಬೇಗ ಬಂದು ಉಳಿದದ್ದು ಅಲ್ಲಿಗೆ ಸರಿಹೋಯಿತು. ಸೌದೆ ನಿಜವಾಗಿ ಉಳಿಯಬೇಕಾದರೆ ಕಾಯಿಸುವ ಮೊದಲೇ ರಿವರ್ಸ್ ಆಸ್ಮೊಸಿಸ್ ಯಂತ್ರದಲ್ಲಿ ನೀರು ತೆಗೆಯಬೇಕು. ಅದಿಲ್ಲದವರು ರಾತ್ರಿ ಬಕೆಟ್ಟಿನಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಎತ್ತಿ ಎಸೆಯಬಹುದು. ಹೆಪ್ಪುಗಟ್ಟುವುದು ಹೆಚ್ಚಾಗಿ ನೀರು, ಸಕ್ಕರೆ ಕೆಳಗೆ ಉಳಿಯುತ್ತದೆ. ಈ ನೆಲದ ಮೂಲನಿವಾಸಿಗಳು ಲೋಹದ ಪಾತ್ರೆ ಬರುವ ಮೊದಲೇ ಈ ಉಪಾಯವನ್ನು ಬಳಸುತ್ತಿದ್ದರು.

ಬೆಂಗಳೂರಿಗೆ ಒಯ್ದ ಸಿರಪ್ಪಿನಿಂದ ಮೇಪಲ್ ಕ್ರೀಮ್ ಮಾಡಲು ಹೋದೆ, ಬಾಣಲೆಯಲ್ಲೇ ಗಟ್ಟಿಯಾಯಿತು. ಯಾಕೆ?

ಇದೂ ಅದೇ ಕಥೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 97ಕ್ಕೇ ಕುದಿಯುತ್ತದೆ. ಮೇಪಲ್ ಕ್ರೀಮ್ ಎಂದರೆ ಬ್ರೆಡ್ಡಿಗೆ ಸವರುವಷ್ಟು ಗಟ್ಟಿ ಮಾಡಿದ ಸಿರಪ್. ಅದಕ್ಕೆ ಸಿರಪ್ಪನ್ನು ನೀರಿನ ಕುದಿಬಿಂದುವಿಗಿಂತ 12ರಿಂದ 13 ಡಿಗ್ರಿ ಮೇಲಕ್ಕೆ ಕಾಯಿಸಬೇಕು. ಕಡಲಮಟ್ಟದ ಪುಸ್ತಕ 112–113 ಎನ್ನುತ್ತದೆ, ಬೆಂಗಳೂರಿಗೆ ಅದು 109–110. ಮಿಠಾಯಿಗೆ 18–19 ಡಿಗ್ರಿ ಮೇಲೆ, ಪುಡಿ ಸಕ್ಕರೆಗೆ 25ರಿಂದ 28 ಡಿಗ್ರಿ ಮೇಲೆ. ಮಂಗಳೂರಿನಲ್ಲಿ ಮಾಡುವವರು ಪುಸ್ತಕದ ಸಂಖ್ಯೆಯನ್ನೇ ನಂಬಬಹುದು. ಮಡಿಕೇರಿಯವರು ಬೆಂಗಳೂರಿಗಿಂತಲೂ ಸ್ವಲ್ಪ ಕಡಿಮೆಗೆ ಇಳಿಸಬೇಕು.

ಪಶ್ಚಿಮದ ರಾಕಿ ಬೆಟ್ಟಗಳ ಕಡೆ ಯಾರಾದರೂ ಸಿರಪ್ ಮಾಡುತ್ತಾರೆಯೇ?

ಯೂಟಾದಲ್ಲಿ ಬಿಗ್‌ಟೂತ್ ಮೇಪಲ್, ಬಾಕ್ಸ್ ಎಲ್ಡರ್ ಮರಗಳಿಂದ ಮಾಡುತ್ತಾರೆ. ಲೋಗನ್ ಊರಿನ ಯೂಟಾ ಸ್ಟೇಟ್ ವಿಶ್ವವಿದ್ಯಾಲಯ ಈ ಮರಗಳ ಬಗ್ಗೆ ಕೆಲಸ ಮಾಡಿದೆ. ಲೋಗನ್ ಇರುವುದು ಸುಮಾರು 1,380 ಮೀಟರ್ ಎತ್ತರದಲ್ಲಿ. ಅಲ್ಲಿ ಸಿರಪ್ 100 ಡಿಗ್ರಿ ಮುಟ್ಟುವ ಮೊದಲೇ ಹದಕ್ಕೆ ಬಂದಿರುತ್ತದೆ.

ಇಳಿಜಾರಿನಲ್ಲಿ ಟ್ಯೂಬ್ ಹಾಕಿದರೆ ಪಂಪ್ ಇಲ್ಲದೆಯೇ ರಸ ಹೆಚ್ಚು ಬರುತ್ತದೆಯಂತೆ. ಹೇಗೆ?

ಎತ್ತರ ಕೊಡುವ ಅತ್ಯುತ್ತಮ ಕಾಣಿಕೆ ಇದು. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಮರದಿಂದ ತೊಟ್ಟಿಯವರೆಗೆ ಎಷ್ಟು ಇಳಿತ ಇದೆ ಎಂಬುದೇ ಮುಖ್ಯ.

ಸಾಮಾನ್ಯ ಟ್ಯೂಬಿನ ಒಳ ಅಗಲ ಒಂದು ಇಂಚಿನ 16ರಲ್ಲಿ 5 ಭಾಗ. ಅದರಲ್ಲಿ ರಸ ಒಂದು ಬದಿಯಲ್ಲಿ ಹರಿಯುತ್ತದೆ, ಮೇಲೆ ಗಾಳಿ ಇರುತ್ತದೆ. 16ರಲ್ಲಿ 3 ಭಾಗದ ಸಣ್ಣ ಟ್ಯೂಬ್ ಹಾಕಿದರೆ ರಸ ಟ್ಯೂಬಿನ ತುಂಬಾ ನಿಲ್ಲುತ್ತದೆ. ಕೆಳಗೆ ಇಳಿಯುವ ರಸದ ಭಾರವೇ ಮೇಲಿನ ಮರಗಳಿಂದ ರಸವನ್ನು ಎಳೆಯುತ್ತದೆ. ಪ್ರತಿ ಅಡಿ ಇಳಿತಕ್ಕೆ ಸುಮಾರು 0.88 ಇಂಚು ಪಾದರಸದಷ್ಟು ನಿರ್ವಾತ ಹುಟ್ಟುತ್ತದೆ. ಹತ್ತು ಮೀಟರ್ ಇಳಿತ ಸಿಕ್ಕಿದರೆ ಪಂಪ್ ಕೊಡುವಷ್ಟೇ ಸೆಳೆತ, ಕರೆಂಟಿನ ಖರ್ಚಿಲ್ಲದೆ. ವರ್ಮಾಂಟ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದಲ್ಲಿದ್ದ ಟಿಮ್ ವಿಲ್ಮಾಟ್ ಇದನ್ನು 2010ರ ಆಸುಪಾಸಿನಲ್ಲಿ ಪರೀಕ್ಷಿಸಿ ಜನರಿಗೆ ತಲುಪಿಸಿದರು. ಕರೆಂಟು ತಲುಪದ ಬೆಟ್ಟದ ಮಗ್ಗುಲಿನ ಸಣ್ಣ ತೋಟಗಳಿಗೆ ಇದರಿಂದ ಆದ ಉಪಕಾರ ದೊಡ್ಡದು. ಪ್ರತಿ ಇಂಚು ನಿರ್ವಾತಕ್ಕೆ ರಸ ಸುಮಾರು 5 ಶೇಕಡಾ ಹೆಚ್ಚುತ್ತದೆ ಎಂಬುದು ಎಲ್ಲರೂ ಬಳಸುವ ಲೆಕ್ಕ.

ಮುಖ್ಯವಾದದ್ದು, ಇಳಿತದ ಬಹುಭಾಗ ಕೊನೆಯ ಮರದಿಂದ ಕೆಳಗೆ ಇರಬೇಕು. ಇಳಿಜಾರಿನ ಬುಡದಲ್ಲಿರುವ ಮರಕ್ಕೆ ಅದರ ಕೆಳಗಿನ ಇಳಿತದಷ್ಟೇ ಸೆಳೆತ ಸಿಗುತ್ತದೆ. ಸಣ್ಣ ಟ್ಯೂಬ್ ಬೇಗ ಲೋಳೆಗಟ್ಟಿ ಕಟ್ಟಿಕೊಳ್ಳುತ್ತದೆ, ಸೀಸನ್ ಮುಗಿದ ಕೂಡಲೇ ತೊಳೆಯಲೇಬೇಕು. ಸಮತಟ್ಟಾದ ಜಾಗದವರು ಇದರ ಗೋಜಿಗೆ ಹೋಗಬೇಡಿ.

ನಮ್ಮ ನಿರ್ವಾತ ಗೇಜ್ 27–28 ದಾಟುವುದೇ ಇಲ್ಲ. ಪಂಪ್ ಕೆಟ್ಟಿದೆಯೇ?

ನೀವು 600 ಮೀಟರ್ ಎತ್ತರದಲ್ಲಿದ್ದರೆ ಅದು ಪೂರ್ತಿ ಸರಿಯಾಗಿದೆ. ಕಡಲಮಟ್ಟದಲ್ಲಿ ಗರಿಷ್ಠ 29.9 ಇಂಚು. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಡಿಮೆಯಾಗುತ್ತಾ ಹೋಗುತ್ತದೆ, ಅಲ್ಲಿ ತೆಗೆಯಲು ಇರುವ ಗಾಳಿಯೇ ಕಡಿಮೆ. ಹೊಸ ಪಂಪಿಗೆ ದುಡ್ಡು ಹಾಕುವ ಮೊದಲು ಈ ಲೆಕ್ಕ ಮಾಡಿ, ಆಮೇಲೆ ಟ್ಯೂಬಿನಲ್ಲಿ ಸೋರುವ ಜಾಗ ಹುಡುಕಿ.

ಎತ್ತರದ ಮಣ್ಣು ಮರಕ್ಕೆ ಒಳ್ಳೆಯದಲ್ಲ ಎನ್ನುತ್ತಾರೆ. ಎಷ್ಟು ಗಂಭೀರವಾದ ವಿಷಯ?

ಗಂಭೀರವೇ. ಇಳಿಜಾರಿನ ಮೇಲ್ಭಾಗದಲ್ಲಿ ಮಣ್ಣು ತೆಳು, ಮಳೆ ಹೆಚ್ಚು. ಸತ್ವ ತೊಳೆದು ಕೆಳಗೆ ಹೋಗುತ್ತದೆ. ಸಕ್ಕರೆ ಮೇಪಲ್ ಕ್ಯಾಲ್ಸಿಯಮ್ಮಿಗೆ ಹಸಿದ ಮರ. ದಶಕಗಳ ಆಮ್ಲಮಳೆ ಬೆಟ್ಟದ ಮಣ್ಣಿನಿಂದ ಕ್ಯಾಲ್ಸಿಯಂ ಹೊತ್ತೊಯ್ದಿದೆ. ಪೆನ್ಸಿಲ್ವೇನಿಯಾದ ಅಲೆಘೆನಿ ಪ್ರಸ್ಥಭೂಮಿಯಲ್ಲಿ ಮೇಪಲ್ ಮರಗಳು ಸೊರಗಿ ಸತ್ತಾಗ ಹೆಚ್ಚು ಪೆಟ್ಟು ತಿಂದದ್ದು ಮೇಲಿನ ಇಳಿಜಾರುಗಳ ಬಡ ಮಣ್ಣಿನ ಮರಗಳೇ. ನ್ಯೂ ಹ್ಯಾಂಪ್‌ಶೈರಿನ ಹಬಾರ್ಡ್ ಬ್ರೂಕ್ ಪ್ರಯೋಗಾರಣ್ಯದಲ್ಲಿ 1999ರಲ್ಲಿ ಒಂದು ಇಡೀ ಜಲಾನಯನಕ್ಕೆ ಕ್ಯಾಲ್ಸಿಯಂ ಖನಿಜದ ಪುಡಿಯನ್ನು ಹೆಲಿಕಾಪ್ಟರಿನಿಂದ ಎರಚಿದರು. ಮುಂದಿನ ವರ್ಷಗಳಲ್ಲಿ ಅಲ್ಲಿನ ಸಕ್ಕರೆ ಮೇಪಲ್‌ಗಳು, ಅದರಲ್ಲೂ ಸಸಿಗಳು, ಪಕ್ಕದ ಕಾಡಿನವುಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು.

ಕೊಂಬೆಗಳ ತುದಿ ಒಣಗುತ್ತಿದ್ದರೆ, ಎಲೆ ಚಿಕ್ಕದಾಗುತ್ತಿದ್ದರೆ ಆ ಮರಕ್ಕೆ ತೂತು ಕೊರೆಯಬೇಡಿ. ಅದು ಹೇಗೋ ಉಸಿರು ಹಿಡಿದುಕೊಂಡಿರುವ ಮರ. ಮಣ್ಣು ಪರೀಕ್ಷೆ ಮಾಡಿಸಿ, ಅದರಲ್ಲಿ ಬಂದಂತೆ ಸುಣ್ಣ ಕೊಡಿ, ಕೆಲವು ವರ್ಷ ಬಿಡುವು ಕೊಡಿ.

ಮೇಲಿನ ಮರಗಳಿಗೆ ಗಾಳಿ, ಮಂಜುಗಡ್ಡೆಯ ಕಾಟವೂ ಹೆಚ್ಚು. 1998ರ ಜನವರಿಯ ಐಸ್ ಸ್ಟಾರ್ಮಿನಲ್ಲಿ ನ್ಯೂ ಇಂಗ್ಲೆಂಡಿನ ಬೆಟ್ಟಗಳಲ್ಲಿ ಕೆಲವು ಎತ್ತರದ ಪಟ್ಟಿಗಳಲ್ಲಷ್ಟೇ ಕಾಡು ಮುರಿದುಬಿದ್ದು, ಅದರ ಕೆಳಗಿನ ಕಾಡು ಹೆಚ್ಚು ಹಾನಿಯಿಲ್ಲದೆ ಉಳಿದದ್ದುಂಟು. ಮಳೆ ಬೀಳುವಾಗ ನೆಲಮಟ್ಟದ ಗಾಳಿ ಎಲ್ಲಿ ಸೊನ್ನೆಗಿಂತ ಕೆಳಗಿತ್ತೋ ಅಲ್ಲಿ ಮಾತ್ರ ಅದು ಕೊಂಬೆಗಳ ಮೇಲೆ ಗಡ್ಡೆಕಟ್ಟಿತು.

ಭೂಮಿ ಬಿಸಿಯಾಗುತ್ತಿದೆ. ಇನ್ನು ಮುಂದೆ ಮೇಪಲ್ ತೋಟಗಳೆಲ್ಲ ಬೆಟ್ಟ ಹತ್ತಬೇಕೇ?

ಸೀಸನ್ ಮೊದಲಿಗಿಂತ ಬೇಗ ಶುರುವಾಗಿ ಬೇಗ ಮುಗಿಯುತ್ತಿರುವುದು ನಿಜ. ಅಷ್ಟರಿಂದ "ಮೇಲಕ್ಕೆ ಹೋದರೆ ಪಾರಾಗುತ್ತೇವೆ" ಎನ್ನುವುದು ಆತುರದ ತೀರ್ಮಾನ. ವರ್ಮಾಂಟಿನ ಗ್ರೀನ್ ಮೌಂಟನ್ಸ್ ಬಗ್ಗೆ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಲೆಯುದುರುವ ಕಾಡು ಮತ್ತು ಸ್ಪ್ರೂಸ್ ಕಾಡು ಕೂಡುವ ಗಡಿ 1962ರಿಂದ 2005ರ ನಡುವೆ ಸುಮಾರು 100 ಮೀಟರ್ ಮೇಲಕ್ಕೆ ಸರಿದಿದೆ ಎಂದಿತು. 2015ರ ಇನ್ನೊಂದು ಅಧ್ಯಯನ, 1984ರಿಂದ 2011ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ, ಅದೇ ಗಡಿ ಹಲವೆಡೆ ಕೆಳಕ್ಕೆ ಬಂದಿದೆ ಎಂದಿತು. ಆಮ್ಲಮಳೆ ತಗ್ಗಿ ಕೆಂಪು ಸ್ಪ್ರೂಸ್ ಚೇತರಿಸಿಕೊಳ್ಳುತ್ತಿರುವುದೂ ಇದರಲ್ಲಿ ಸೇರಿರಬಹುದು. ಕಾಡು ಉಷ್ಣತೆಯೊಂದನ್ನೇ ಕೇಳಿ ನಡೆಯುವುದಿಲ್ಲ. ಮೇಲೆ ಮೇಪಲ್‌ಗೆ ಬೇಕಾದ ಮಣ್ಣೂ ಇಲ್ಲ.

ಹಿಮದ ಹೊದಿಕೆ ತೆಳುವಾಗುವುದು ನನಗೆ ಇದಕ್ಕಿಂತ ಹೆಚ್ಚಿನ ಚಿಂತೆ. ಹಿಮ ಇಲ್ಲದೆ ಬರಿದಾದ ನೆಲ ಆಳಕ್ಕೆ ಹೆಪ್ಪುಗಟ್ಟಿ ಮೇಪಲ್‌ನ ಸಣ್ಣ ಬೇರುಗಳು ಸಾಯುತ್ತವೆ ಎಂಬುದನ್ನು ಹಬಾರ್ಡ್ ಬ್ರೂಕಿನಲ್ಲಿ ಹಿಮ ಬಾಚಿ ತೆಗೆದು ತೋರಿಸಿದ್ದಾರೆ. ಹಿಮ ಹೆಚ್ಚು ದಿನ ಉಳಿಯುವ ಎತ್ತರದ ಜಾಗಗಳಿಗೆ ಈ ಒಂದು ವಿಷಯದಲ್ಲಿ ಅನುಕೂಲ ಇದೆ.

ಸಿರಪ್ ಮಾಡಲೆಂದೇ ಸ್ವಲ್ಪ ಜಾಗ ಕೊಳ್ಳಬೇಕೆಂದಿದ್ದೇವೆ. ಎಷ್ಟು ಎತ್ತರದಲ್ಲಿ ನೋಡಬೇಕು?

ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯಾದರೆ 300ರಿಂದ 550 ಮೀಟರ್ ನಡುವಿನ ಇಳಿಜಾರು ನನ್ನ ಆಯ್ಕೆ. ಅದಕ್ಕಿಂತ ಮೇಲೆ ಹೋದರೆ ಮಣ್ಣು, ಗಾಳಿ ಎರಡೂ ಕೈಕೊಡತೊಡಗುತ್ತವೆ. ಆದರೆ ಎತ್ತರ ನೋಡುವ ಮೊದಲು ಮರ ನೋಡಿ. ಎದೆಮಟ್ಟದಲ್ಲಿ 25 ಸೆಂಟಿಮೀಟರಿಗೂ ಹೆಚ್ಚು ದಪ್ಪದ ಆರೋಗ್ಯವಂತ ಸಕ್ಕರೆ ಮೇಪಲ್ ಎಷ್ಟಿವೆ ಎಣಿಸಿ. ನೆಲದಲ್ಲಿ ಮೇಡನ್‌ಹೇರ್ ಜರೀಗಿಡ, ಕಾಡುಬೆಳ್ಳುಳ್ಳಿಯ ಜಾತಿಯ ರ‍್ಯಾಂಪ್ಸ್ ಬೆಳೆದಿದ್ದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದೆ ಎಂದರ್ಥ, ಅಂಥ ಜಾಗ ಬಿಡಬೇಡಿ.

ಸಾಧ್ಯವಾದರೆ ಎರಡು ದಿಕ್ಕಿಗೆ ಮುಖ ಮಾಡಿದ ಇಳಿಜಾರು ಇರುವ ಜಾಗ ಹುಡುಕಿ. ದಕ್ಷಿಣದ ಮಗ್ಗುಲು ಮೊದಲ ರಸ ಕೊಡುತ್ತದೆ, ಉತ್ತರದ ಮಗ್ಗುಲು ಕೊನೆಯ ರಸ ಕೊಡುತ್ತದೆ, ನಿಮ್ಮ ಸೀಸನ್ ಉದ್ದವಾಗುತ್ತದೆ. ಕಾಯಿಸುವ ಮನೆಗೆ ಮರಗಳಿಗಿಂತ ಕೆಳಗೆ, ವಾಹನ ಬರುವ ರಸ್ತೆಯ ಪಕ್ಕದಲ್ಲಿ ಸಮತಟ್ಟಾದ ಜಾಗ ಬೇಕು. ಬೆಟ್ಟದ ಮೇಲೆ ಕಾಯಿಸುವ ಮನೆ ಕಟ್ಟಿ ಕೆಳಗಿನ ಮರಗಳ ರಸವನ್ನು ಏರಿಸುವುದು ಪ್ರತಿ ವರ್ಷದ ಶಿಕ್ಷೆ. ಜಾಗವನ್ನು ಬೇಸಿಗೆಯಲ್ಲಿ ನೋಡಿ ಮುಗಿಸಬೇಡಿ. ಮಾರ್ಚ್ ಕೊನೆಯ ವಾರದಲ್ಲಿ ಒಮ್ಮೆ ಹೋಗಿ. ಬೆಳಗ್ಗೆ ಏಳಕ್ಕೂ ಮಧ್ಯಾಹ್ನ ಎರಡಕ್ಕೂ ಇಳಿಜಾರಿನ ಬುಡ, ನಡು, ತುದಿ ಮೂರೂ ಕಡೆ ಉಷ್ಣತೆ ಅಳೆದು ಬರೆದುಕೊಂಡು ಬನ್ನಿ, ಹಿಮ ಎಲ್ಲಿ ಉಳಿದಿದೆ ಎಂದೂ ಗುರುತು ಮಾಡಿಕೊಳ್ಳಿ.